ನರೆಯೆಂಬ ದೂತ: ಕಾವ್ಯಗಳಲ್ಲಿ ಇಳಿವಯಸ್ಸಿನ ಸಂಕಲ್ಪ

ಮುಪ್ಪನ್ನು ಕುರಿತು ನಮ್ಮ ಕವಿಗಳು ಹೇಳಿರುವುದನ್ನು ಒಟ್ಟುಗೂಡಿಸಿ ನೋಡಿದರೆ ಅದರಲ್ಲಿ ಹೆಚ್ಚಿನ ಪಾಲು ದೇಹವರ್ಣನೆಯೇ ಆಗಿರುವುದು. ಸುಕ್ಕಿದ ತೊಗಲು, ಉದುರಿದ ಹಲ್ಲು, ನಡುಗುವ ಕೈ, ಊರಿದ ಕೋಲು, ಇವು ಕವಿಸಮಯಗಳಂತೆ ಒಬ್ಬರಿಂದೊಬ್ಬರಿಗೆ ಇಳಿದುಬಂದಿವೆ. ಮುದುಕನಾದವನು ಏನನ್ನು ಕಳೆದುಕೊಂಡನೆಂಬುದನ್ನು ಕಾವ್ಯವು ಚೆನ್ನಾಗಿ ಬಲ್ಲುದು. ಅವನು ಇನ್ನು ಮುಂದೆ ಏನನ್ನು ಮಾಡಬೇಕೆಂದು ನಿಶ್ಚಯಿಸಿದನೆಂಬ ಪ್ರಶ್ನೆ ಏಳುವ ಸ್ಥಳಗಳು ಮಾತ್ರ ವಿರಳ. ಆ ಸ್ಥಳಗಳನ್ನೂ ನಾವು ಪಾಠ ಹೇಳುವಾಗ ‘ವೈರಾಗ್ಯ’ವೆಂದೋ ‘ತೃಷ್ಣೆ’ಯೆಂದೋ ಹೆಸರಿಟ್ಟು ಮುಂದೆ ಸಾಗುತ್ತೇವೆ. ಲೋಕವನ್ನು ಬಿಟ್ಟ ವೃದ್ಧನು ಧನ್ಯ, ಬಿಡಲಾರದ ವೃದ್ಧನು ಶೋಚನೀಯ ಎಂಬ ಈ ಎರಡೇ ಅಳತೆಗಳಿಂದ ಕೆಲವು ದೊಡ್ಡ ಕೃತಿಗಳಿಗೆ ಅನ್ಯಾಯವಾಗಿದೆಯೆಂದು ನನಗೆ ತೋರುವುದು.

ನರೆಗೂದಲಿನಿಂದಲೇ ಪ್ರಾರಂಭಿಸಬಹುದು. ಪಾಲಿಯ ಮಖಾದೇವ ಜಾತಕದಲ್ಲಿ ಅರಸನು, ತಲೆಯಲ್ಲಿ ಬಿಳಿಯ ಕೂದಲು ಕಂಡೊಡನೆ ತನಗೆ ತಿಳಿಸಬೇಕೆಂದು ಕ್ಷೌರಿಕನಿಗೆ ಅಪ್ಪಣೆ ಮಾಡಿರುತ್ತಾನೆ. ಬಹುಕಾಲದ ಮೇಲೆ ಒಂದು ಕೂದಲು ಕಾಣುತ್ತದೆ. ಕ್ಷೌರಿಕನು ಅದನ್ನು ಚಿನ್ನದ ಚಿಮಟದಿಂದ ಕಿತ್ತು ಅರಸನ ಅಂಗೈಯ ಮೇಲೆ ಇಡುತ್ತಾನೆ. ಅರಸನು ಅವನಿಗೆ ಒಂದು ಗ್ರಾಮವನ್ನು ಉಂಬಳಿಯಾಗಿ ಕೊಟ್ಟು, ಮಗನಿಗೆ ರಾಜ್ಯವನ್ನೊಪ್ಪಿಸಿ, ಪ್ರವ್ರಜ್ಯೆಯನ್ನು ಕೈಕೊಳ್ಳುತ್ತಾನೆ. ಆ ಕೂದಲಿಗೆ ಅಲ್ಲಿ ದೇವದೂತನೆಂಬ ಹೆಸರು. ಈ ಕಥೆಯಲ್ಲಿ ವಾಚಕರು ಸಾಮಾನ್ಯವಾಗಿ ಗಮನಿಸದ ಒಂದು ಲೆಕ್ಕವುಂಟು. ಮಖಾದೇವನ ಬಾಲ್ಯ, ಯೌವರಾಜ್ಯ, ಅರಸುತನ ಒಂದೊಂದಕ್ಕೂ 84,000 ವರ್ಷ. ನರೆ ಕಂಡ ಮೇಲೆ ಅವನಿಗೆ ಉಳಿದಿದ್ದ ಆಯುಷ್ಯವೂ ಅಷ್ಟೇ. ಎಂದರೆ ದೂತನು ತಂದ ವಾರ್ತೆ ಮರಣದ ವಾರ್ತೆಯಲ್ಲ. ಇಡಿಯ ಒಂದು ಬಾಳು ಇನ್ನೂ ಉಳಿದಿದೆ, ಅದನ್ನು ಏತಕ್ಕೆ ವಿನಿಯೋಗಿಸುವೆ ಎಂಬ ಪ್ರಶ್ನೆ. ಜಾತಕಕಾರನು ಸಂಖ್ಯೆಯನ್ನು ಪುರಾಣದ ಧಾರಾಳದಿಂದ ಹೇಳಿರಬಹುದು. ಆದರೂ ಆ ಸಮಪಾಲಿನಲ್ಲಿ ಅರ್ಥವಿಲ್ಲವೆನ್ನಲಾಗದು.

ಜೈನ ಕಾವ್ಯಪರಂಪರೆಯಲ್ಲಿ ಈ ಪ್ರಶ್ನೆಯ ಅಂಚು ಸವೆದುಹೋಯಿತು. ಯಶೋಧರನ ಕಥೆಯಲ್ಲಿ ತಂದೆಯಾದ ಯಶೌಘನು ನರೆಗೂದಲನ್ನು ಕಂಡು ರಾಜ್ಯವನ್ನು ಮಗನಿಗೆ ಒಪ್ಪಿಸಿ ತಪಸ್ಸಿಗೆ ತೆರಳುತ್ತಾನೆ. ಅಲ್ಲಿಂದ ಮುಂದೆ ಕಥೆಯ ಕಣ್ಣು ಅವನ ಕಡೆಗೆ ತಿರುಗುವುದೇ ಇಲ್ಲ. ಜನ್ನನ ಪ್ರತಿಭೆಗೆ ಬೇಕಾದುದು ಯಶೋಧರನೂ ಅಮೃತಮತಿಯೂ ಆಕೆಯ ಮನಸ್ಸನ್ನು ಸೆಳೆದ ಮಾವುತನ ಹಾಡೂ. ಇಂಥ ಕಡೆಗಳಲ್ಲಿ ನರೆಯು ರಂಗವನ್ನು ತೆರವುಮಾಡುವ ಒಂದು ಉಪಾಯ ಮಾತ್ರವಾಗಿದೆ. ಇದು ದೋಷವೆಂದಲ್ಲ, ಕವಿಯ ಉದ್ದೇಶವೇ ಬೇರೆ. ಆದರೆ ಇದನ್ನು ವೃದ್ಧಾಪ್ಯದ ಆದರ್ಶಚಿತ್ರವೆಂದು ಉದಾಹರಿಸುವವರು, ಚಿತ್ರವೇ ಇಲ್ಲದ ಚೌಕಟ್ಟನ್ನು ತೋರಿಸುತ್ತಿರುವರು.

ಚಿತ್ರವಿರುವುದು ಕಾಳಿದಾಸನಲ್ಲಿ. ರಘುವಂಶದ ಎಂಟನೆಯ ಸರ್ಗದಲ್ಲಿ ರಘುವು ಅಜನಿಗೆ ಪಟ್ಟವನ್ನು ಕಟ್ಟಿ ಕಾಡಿಗೆ ಹೊರಡುತ್ತಾನೆ. ಮಗನು ಕಣ್ಣೀರಿಟ್ಟು ಬೇಡಿದ್ದರಿಂದ ದೂರ ಹೋಗದೆ ಊರ ಹೊರಗೆ ಆಶ್ರಮದಲ್ಲಿ ನಿಲ್ಲುತ್ತಾನೆ. ಆಮೇಲೆ ಕವಿಯು ತಂದೆಮಕ್ಕಳ ನಡೆಯನ್ನು ಪಕ್ಕಪಕ್ಕದಲ್ಲಿಟ್ಟು ಕೆಲವು ಶ್ಲೋಕಗಳಲ್ಲಿ ವರ್ಣಿಸುವನಷ್ಟೆ. ಒಬ್ಬನು ಮಂತ್ರಿಗಳೊಡನೆ ಕೂಡಿ ಗೆಲ್ಲದ ನೆಲವನ್ನು ಗೆಲ್ಲುವ ಆಲೋಚನೆ ಮಾಡುತ್ತಿದ್ದರೆ, ಇನ್ನೊಬ್ಬನು ಯೋಗಿಗಳೊಡನೆ ಕೂಡಿ ಅಳಿಯದ ಪದವನ್ನು ಅರಸುತ್ತಾನೆ. ಒಬ್ಬನು ನ್ಯಾಯಾಸನದಲ್ಲಿ, ಇನ್ನೊಬ್ಬನು ದರ್ಭಾಸನದಲ್ಲಿ. ಒಬ್ಬನು ನೆರೆಯ ಅರಸರನ್ನು ವಶಮಾಡಿಕೊಂಡರೆ ಇನ್ನೊಬ್ಬನು ದೇಹದ ಪಂಚವಾಯುಗಳನ್ನು. ಒಬ್ಬನು ಹಗೆಗಳ ಯತ್ನಗಳ ಫಲವನ್ನು ಸುಟ್ಟರೆ ಇನ್ನೊಬ್ಬನು ತನ್ನ ಕರ್ಮವನ್ನು ಸುಡುತ್ತಾನೆ. ವ್ಯಾಖ್ಯಾನಕಾರರು ಇಲ್ಲಿ ಪ್ರವೃತ್ತಿನಿವೃತ್ತಿಗಳ ಭೇದವನ್ನು ಕಾಣುವರು. ನನಗೆ ಭೇದಕ್ಕಿಂತ ಸಾಮ್ಯವೇ ಮುಖ್ಯವೆಂದು ತೋರುವುದು. ಮುದುಕನಿಗೂ ಯುವಕನಿಗೂ ಕವಿಯು ಒಂದೇ ಕ್ರಿಯಾಪದಗಳನ್ನು ಹಂಚಿಕೊಟ್ಟಿದ್ದಾನೆ. ದಿಗ್ವಿಜಯ ಮಾಡಿದ ರಘು ವೃದ್ಧನಾದ ಮೇಲೆ ವಿಶ್ರಮಿಸಲಿಲ್ಲ. ಅವನ ದಂಡಯಾತ್ರೆಯ ದಿಕ್ಕು ಮಾತ್ರ ಬದಲಾಯಿತು. ಇದು ಸಾಧ್ಯವಾದದ್ದು ಹೇಗೆ? ಹಿಂದಿನ ಸರ್ಗಗಳನ್ನು ನೆನೆಯಬೇಕು. ಗೆದ್ದುದೆಲ್ಲವನ್ನೂ ವಿಶ್ವಜಿದ್ಯಾಗದಲ್ಲಿ ದಾನಮಾಡಿ, ಅರ್ಘ್ಯಕ್ಕೆ ಮಣ್ಣಿನ ಪಾತ್ರೆಯನ್ನು ಹಿಡಿದು ಕೌತ್ಸನ ಮುಂದೆ ನಿಂತ ಅರಸು ಅವನು. ಹೊರಗಿನ ಲೆಕ್ಕದಲ್ಲಿ ಅವನಿಗೆ ಬಾಕಿಯೇ ಉಳಿದಿರಲಿಲ್ಲ.

ಈ ‘ಬಾಕಿ’ಯೆಂಬ ಮಾತನ್ನು ಸ್ವಲ್ಪ ಹಿಡಿದು ನಿಲ್ಲಿಸೋಣ. ಶಾಸ್ತ್ರದ ಮಾತಿನಲ್ಲಿ ಶೇಷವೆನ್ನಬಹುದು. ಇಳಿವಯಸ್ಸಿನ ಸಂಕಲ್ಪವು ಕಾವ್ಯದಲ್ಲಿ ಜೀವಂತವಾಗಿ ತೋರುವ ಕಡೆಗಳಲ್ಲೆಲ್ಲ ಅದು ಹಿಂದಿನ ಬಾಳಿನ ಯಾವುದೋ ಶೇಷದಿಂದ ಹುಟ್ಟಿರುವುದೆಂಬುದೇ ನಾನು ಇಲ್ಲಿ ಪ್ರತಿಪಾದಿಸಬೇಕೆಂದಿರುವ ಅಂಶ. ಅದೇ ರಘುವಂಶದ ಹನ್ನೆರಡನೆಯ ಸರ್ಗದ ಮೊದಲಿನಲ್ಲಿ ನರೆಯು ದಶರಥನ ಕಿವಿಯ ಬಳಿಗೆ ಬಂದು, ಕೈಕೇಯಿಗೆ ಹೆದರಿದಂತೆ ಪಿಸುಗುಟ್ಟಿ, ರಾಜ್ಯಶ್ರೀಯನ್ನು ರಾಮನಿಗೆ ಕೊಡೆಂದು ಹೇಳುವುದು. ಇಲ್ಲಿಯೂ ದೂತನು ಬಂದನು, ಅರಸನೂ ಮಾತನ್ನು ಕೇಳಿದನು. ಆದರೂ ಸಂಕಲ್ಪವು ನೆರವೇರಲಿಲ್ಲ. ಪ್ರಾಯದಲ್ಲಿ ಕೊಟ್ಟು ತೀರಿಸದೆ ಉಳಿಸಿದ್ದ ಎರಡು ವರಗಳು ಎದುರು ನಿಂತವು. ದೂತನು ಕೈಕೇಯಿಗೆ ಏಕೆ ಹೆದರಬೇಕೆಂಬುದಕ್ಕೆ ಇದೇ ಉತ್ತರ. ಆ ಉತ್ಪ್ರೇಕ್ಷೆಯನ್ನು ಅಲಂಕಾರದ ಚಮತ್ಕಾರವೆಂದು ಹೇಳಿ ಬಿಡುವ ಅಧ್ಯಾಪಕನು ಸರ್ಗದ ಕೀಲಿಕೈಯನ್ನೇ ಎಸೆದಂತಾಯಿತು.

ಯಯಾತಿಯ ಕಥೆಯನ್ನು ಹೆಚ್ಚು ವಿಸ್ತರಿಸಬೇಕಾಗಿಲ್ಲ. ತನ್ನ ಶೇಷವನ್ನು ಮಗನ ಮೇಲೆ ಹೊರಿಸಿದವನ ಕಥೆ ಅದು. ಸಾವಿರ ವರ್ಷ ಪೂರುವಿನ ಯೌವನದಲ್ಲಿ ಕಳೆದು, ಭೋಗದಿಂದ ಆಸೆ ತಣಿಯದೆಂದು ತಿಳಿದು, ಮಹಾಭಾರತದ ಯಯಾತಿ ಯೌವನವನ್ನು ಹಿಂದಿರುಗಿಸುವನು. 1961ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ಯಯಾತಿ’ಯಲ್ಲಿ ಪೂರುವಿನ ಹೆಂಡತಿ ಚಿತ್ರಲೇಖೆಯ ಮರಣವು ಆ ಹಿಂದಿರುಗಿಸುವಿಕೆಗೆ ಬೆಲೆಯನ್ನು ಕಟ್ಟುವುದು. ನಾಟಕಕಾರರಿಗೆ ಆಗ ಇಪ್ಪತ್ತು ದಾಟಿ ಕೆಲವೇ ವರ್ಷವಾಗಿದ್ದಿತು. ಮುದುಕನ ಆಸೆಯನ್ನು ಹೊರಬೇಕಾದವನ ಹೆಗಲಿನಿಂದ ಅವರು ಕಥೆಯನ್ನು ನೋಡಿರುವುದು ಸಹಜವೇ.

ಇಂಗ್ಲಿಷ್ ಓದಿದವರಲ್ಲಿ ಈ ವಿಷಯವನ್ನೆತ್ತಿದರೆ ಮೊದಲು ಬರುವ ಹೆಸರು ಟೆನಿಸನ್ನನ ‘ಯುಲಿಸೀಸ್’. ನಮ್ಮ ಕಾಲೇಜುಗಳಲ್ಲಿ ಅದನ್ನು ಹಲವು ತಲೆಮಾರು ಬಾಯಿಪಾಠ ಮಾಡಿದೆ. ನಿವೃತ್ತಿಯ ಸಮಾರಂಭಗಳಲ್ಲಿ ಅದರ ಕೊನೆಯ ಸಾಲುಗಳನ್ನು ಹೇಳುವುದೂ ಉಂಟು. ವೃದ್ಧನಾದ ವೀರನು ಮಗನಾದ ಟೆಲೆಮಕಸನಿಗೆ ದಂಡವನ್ನೊಪ್ಪಿಸಿ, ಹಳೆಯ ಸಂಗಡಿಗರನ್ನು ಕೂಡಿಕೊಂಡು, ಪಡುವಣ ಕಡಲಿನತ್ತ ಹೊರಡುವ ಆ ಕವಿತೆಯ ಗಾಂಭೀರ್ಯವನ್ನು ಅಲ್ಲಗಳೆಯುವವರಿಲ್ಲ. ಆದರೆ ಅವನು ಹೊರಡುವುದು ಏತಕ್ಕೆ? ಮುಂದೆ ಹೋಗುವುದಕ್ಕೆ, ಅದಕ್ಕಿಂತ ಹೆಚ್ಚಾಗಿ ಏನನ್ನೂ ಅವನು ಹೇಳಲಾರನು. ಇಥಾಕೆಯ ಪ್ರಜೆಗಳು ಅವನ ಕಣ್ಣಿಗೆ ಉಂಡು ಮಲಗುವ ಒರಟು ಜನ. ಮಗನನ್ನು ಹೊಗಳುವ ಮಾತಿನಲ್ಲಿಯೂ ತುಸು ತಾತ್ಸಾರವಿದೆ. ಇದನ್ನು 1833ರಲ್ಲಿ ಬರೆದಾಗ ಟೆನಿಸನ್ನನಿಗೆ ಇಪ್ಪತ್ತನಾಲ್ಕು ವರ್ಷ, ಪ್ರಾಣಮಿತ್ರನಾದ ಹ್ಯಾಲಮನು ಆಗತಾನೆ ತೀರಿಕೊಂಡಿದ್ದನು. ಕವಿತೆ ಅಚ್ಚಾದದ್ದು 1842ರಲ್ಲಿ. ದುಃಖವನ್ನು ಮೆಟ್ಟಿ ಬಾಳಬೇಕಾದ ಯುವಕನ ಧೈರ್ಯವು ಇಲ್ಲಿ ಮುದುಕನ ವೇಷವನ್ನು ಧರಿಸಿದೆ. ಆ ದೃಷ್ಟಿಯಿಂದ ಓದಿದರೆ ಕವಿತೆಯು ಇನ್ನೂ ದೊಡ್ಡದಾಗುವುದು. ಇಳಿವಯಸ್ಸಿಗೆ ಮಾದರಿಯೆಂದು ಓದಿದರೆ ಟೊಳ್ಳಾಗುವುದು. ದಾಂತೆಯು ಇದೇ ಯುಲಿಸೀಸನನ್ನು ನರಕದ ಜ್ವಾಲೆಯೊಳಗೆ ಇಟ್ಟು, ಹರ್ಕ್ಯುಲೀಸನ ಕಂಬಗಳನ್ನು ದಾಟಿ ಹೋದ ಅವನ ಹಡಗು ಒಂದು ಪರ್ವತವು ಕಣ್ಣಿಗೆ ಬಿದ್ದೊಡನೆ ಮುಳುಗಿತೆಂದು ಹೇಳಿಸಿದ್ದಾನೆ.

ಇವರಿಬ್ಬರಿಗೂ ಮೂಲವಾದ ಹೋಮರನು ಬೇರೊಂದು ಮಾತನ್ನು ಹೇಳಿದ್ದನೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಒಡಿಸ್ಸಿಯ ಹನ್ನೊಂದನೆಯ ಭಾಗದಲ್ಲಿ ಪ್ರೇತಲೋಕದ ಟೈರೀಸಿಯಸನು ವೀರನ ಮುಂದಿನ ಕೆಲಸವನ್ನು ತಿಳಿಸುವನು. ಮನೆಗೆ ಮರಳಿ ಹಗೆಗಳನ್ನು ತೀರಿಸಿದ ಮೇಲೆ ಅವನು ಹಡಗಿನ ಒಂದು ಹುಟ್ಟನ್ನು ಹೆಗಲಮೇಲೆ ಹೊತ್ತು ಒಳನಾಡಿಗೆ ನಡೆಯಬೇಕು. ಕಡಲನ್ನು ಕಾಣದ, ಉಪ್ಪನ್ನು ಬೆರಸಿ ಉಣ್ಣದ ಜನರ ನಡುವೆ ಯಾರಾದರೊಬ್ಬನು ಅದನ್ನು ನೋಡಿ ಕಣದಲ್ಲಿ ತೂರುವ ಸಾಧನವೆಂದು ತಪ್ಪು ತಿಳಿಯುವ ತನಕ ಹೋಗಬೇಕು. ಅಲ್ಲಿ ಅದನ್ನು ನೆಟ್ಟು ಪೊಸೈಡನನಿಗೆ ಬಲಿಯನ್ನರ್ಪಿಸಿ ಹಿಂದಿರುಗಬೇಕು. ಆಮೇಲೆ ಸುಖಿಗಳಾದ ಪ್ರಜೆಗಳ ನಡುವೆ ಮೃದುವಾದ ಮರಣ. ಪೊಸೈಡನನ ಮಗನ ಕಣ್ಣನ್ನು ಕಿತ್ತವನು ಇವನೇ ಅಲ್ಲವೆ? ಆ ಶೇಷವನ್ನು ತೀರಿಸುವುದಕ್ಕೆ, ಕಡಲಿನವನು ತನ್ನ ಹೆಸರೂ ತನ್ನ ಕಸುಬೂ ಯಾರಿಗೂ ತಿಳಿಯದ ಸ್ಥಳಕ್ಕೆ ಹೋಗಬೇಕು. ಟೆನಿಸನ್ನನ ವೀರನು ಕೀರ್ತಿಯನ್ನು ಹೊತ್ತು ಹೊರಡುತ್ತಾನೆ. ಹೋಮರನವನು ಕೀರ್ತಿಯನ್ನು ಇಳಿಸಿ ಬರಲು ಹೊರಡುತ್ತಾನೆ. ಈ ಪ್ರಯಾಣವನ್ನು ಹೋಮರನು ಹಾಡಲಿಲ್ಲ, ಭವಿಷ್ಯವಾಣಿಯಾಗಿ ಮಾತ್ರ ಬಿಟ್ಟಿದ್ದಾನೆ. ಹಾಡಿದ್ದರೆ ಹೇಗಿರುತ್ತಿತ್ತೋ!

ನಮ್ಮಲ್ಲಿ ಇದಕ್ಕೆ ಸಾಟಿಯಾದುದು ಭೀಷ್ಮನ ಕೊನೆಯ ದಿನಗಳ ಕಥೆ. ಶರಶಯ್ಯೆಯಲ್ಲಿ ಅವನು ಐವತ್ತೆಂಟು ರಾತ್ರಿಗಳನ್ನು ಕಳೆದನೆಂದು ಅನುಶಾಸನಪರ್ವವು ಹೇಳುವುದು. ಇಚ್ಛಾಮರಣಿಯಾದವನು ಉತ್ತರಾಯಣವನ್ನು ಕಾದನೆಂಬುದನ್ನು ಎಲ್ಲರೂ ಬಲ್ಲರು. ಆ ಕಾಲವನ್ನು ಅವನು ಏತಕ್ಕೆ ಬಳಸಿದನೆಂಬುದರ ಮೇಲೆ ಗಮನ ಸಾಲದು. ಧರ್ಮರಾಯನಿಗೆ ಉಪದೇಶಿಸೆಂದು ಕೃಷ್ಣನು ಕೇಳಿದಾಗ ಭೀಷ್ಮನು ಮೊದಲು ಒಪ್ಪುವುದಿಲ್ಲ. ಮೈಯೆಲ್ಲ ನೋವು, ಬುದ್ಧಿ ತಿಳಿಯಾಗಿಲ್ಲ, ನೀನಿರುವಾಗ ನಾನು ಹೇಳತಕ್ಕದ್ದೇನು ಎನ್ನುತ್ತಾನೆ. ಕೃಷ್ಣನ ವರದಿಂದ ನೋವೂ ಹಸಿವೂ ಅಡಗಿದ ಮೇಲೆಯೇ ಶಾಂತಿಪರ್ವದ ಆ ವಿಸ್ತಾರವಾದ ಸಂವಾದವು ತೊಡಗುವುದು. ಇದು ಪ್ರಕ್ಷೇಪಗಳ ರಾಶಿ, ಕಥೆಗೆ ಹೊರೆ ಎಂದು ಹೇಳಿದ ವಿದ್ವಾಂಸರುಂಟು. ಪದರಪದರವಾಗಿ ಬೆಳೆದ ಭಾಗವೆಂಬುದು ನಿಜವೇ. ಆದರೆ ಕಥೆಗೆ ಹೊರೆಯೆಂದು ಹೇಳುವ ಮೊದಲು ಸಭಾಪರ್ವವನ್ನು ತೆರೆದು ನೋಡಬೇಕು. ದ್ರೌಪದಿಯು ಸಭೆಯಲ್ಲಿ ನಿಂತು ಧರ್ಮಪ್ರಶ್ನೆಯನ್ನು ಹಾಕಿದಾಗ, ಧರ್ಮದ ಗತಿ ಸೂಕ್ಷ್ಮ, ನಿನ್ನ ಪ್ರಶ್ನೆಗೆ ಉತ್ತರಿಸಲಾರೆನೆಂದ ಮುದುಕನು ಇವನೇ. ಹತ್ತು ಪರ್ವಗಳಾಚೆ ಅದೇ ಮುದುಕನು ಧರ್ಮವನ್ನು ಕುರಿತು ಮಾತನಾಡಲು ತೊಡಗಿ ನಿಲ್ಲಿಸಲಾರದವನಾಗುತ್ತಾನೆ. ಅಂದು ಉಳಿದ ಮಾತೇ ಇಂದು ಹರಿಯುತ್ತಿರುವುದು. ಭೀಷ್ಮನು ಉಪದೇಶಿಸುತ್ತಿರುವಾಗ ದ್ರೌಪದಿಯು ನಕ್ಕಳೆಂಬ ಒಂದು ಕಥೆಯು ಪುರಾಣ ಹೇಳುವವರ ಬಾಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಜನರ ಬಾಯಿ ಈ ಎರಡು ಪ್ರಸಂಗಗಳನ್ನು ಕೂಡಿಸಿರುವುದನ್ನು ನೋಡಿದರೆ, ವಿಮರ್ಶಕರು ಕಾಣದ ಸಂಬಂಧವನ್ನು ಕೇಳುಗರು ಕಂಡಿದ್ದರೆಂದು ಹೇಳಬೇಕಾಗುವುದು.

ಕನ್ನಡದಲ್ಲಿ ಮಾತ್ರ ಈ ಭೀಷ್ಮನು ನಮಗೆ ಪೂರ್ತಿಯಾಗಿ ದಕ್ಕಲಿಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಶರಶಯ್ಯೆಯ ಬಳಿಗೆ ಬಂದಾಗ ಅಜ್ಜನು ಸಂಧಿಯನ್ನು ಬೋಧಿಸುತ್ತಾನೆ. ಮೊಮ್ಮಗನು ಒಪ್ಪದಿದ್ದಾಗ ಕೊಳದಲ್ಲಿ ಅಡಗಿರುವ ಉಪಾಯವನ್ನು ಹೇಳುತ್ತಾನೆ. ಕರುಣೆಯಿಂದ ತುಂಬಿದ ಸ್ಥಳ; ಆದರೆ ಅಲ್ಲಿ ಭೀಷ್ಮನ ಸಂಕಲ್ಪಕ್ಕಿಂತ ದುರ್ಯೋಧನನ ಛಲವೇ ಕವಿಗೆ ಮುಖ್ಯ. ಕುಮಾರವ್ಯಾಸನ ಭಾರತವು ಗದಾಪರ್ವಕ್ಕೆ ನಿಲ್ಲುವುದು. ಉಳಿದ ಎಂಟು ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿಯು ರಚಿಸಿ ಪೂರ್ಣಗೊಳಿಸಿದನು. ಆದರೆ ಗಮಕದ ಸಭೆಗಳಲ್ಲಿಯೂ ಪಾಠಪಟ್ಟಿಗಳಲ್ಲಿಯೂ ಕುಮಾರವ್ಯಾಸನಿಗಿರುವ ಸ್ಥಾನದ ನೂರರಲ್ಲೊಂದು ಪಾಲೂ ಅವನಿಗಿಲ್ಲ. ಆದುದರಿಂದ ಕನ್ನಡಿಗನ ಮನಸ್ಸಿನಲ್ಲಿ ಭೀಷ್ಮನೆಂದರೆ ಬಿದ್ದ ವೀರನೇ ಹೊರತು, ಬಿದ್ದ ಮೇಲೆ ಕೆಲಸಕ್ಕೆ ತೊಡಗಿದ ವೃದ್ಧನಲ್ಲ. ತಿಮ್ಮಣ್ಣನು ಕುಮಾರವ್ಯಾಸನಿಗೆ ಸಮನಾದ ಕವಿಯಲ್ಲವೆಂಬುದನ್ನು ಒಪ್ಪುವೆನು. ಆದರೂ ಅವನ ಶಾಂತಿಪರ್ವವನ್ನು ಈ ಒಂದು ಕಾರಣಕ್ಕಾಗಿ ಮತ್ತೆ ಓದಬೇಕಾಗಿದೆ.

ಇಷ್ಟು ಹೊತ್ತು ಕಾವ್ಯಗಳನ್ನು ಕುರಿತು ಆಡಿದ ಮಾತು ಗ್ರಂಥಕರ್ತರ ಕಾರ್ಯಗಳಿಗೂ ಹೊಂದುವುದೆಂದು ನನ್ನ ನಂಬಿಕೆ. ವೃದ್ಧರ ಕೃತಿಯನ್ನು ವಿಮರ್ಶಿಸುವಾಗ ‘ಈ ವಯಸ್ಸಿನಲ್ಲಿಯೂ’ ಎಂದು ಬೆರಗುಪಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಅದು ಮರ್ಯಾದೆಯ ಮಾತಿನಂತೆ ಕಂಡರೂ ಕೃತಿಯನ್ನು ಓದದೆ ತಪ್ಪಿಸಿಕೊಳ್ಳುವ ದಾರಿ. ವಯಸ್ಸು ಕೃತಿಯೊಳಗೆ ಏನನ್ನು ಮಾಡಿದೆ ಎಂಬುದನ್ನಲ್ಲವೆ ನೋಡಬೇಕಾದದ್ದು?

ಪ್ರಾಕ್ತನ ವಿಮರ್ಶ ವಿಚಕ್ಷಣ ರಾ. ನರಸಿಂಹಾಚಾರ್ಯರ ಕರ್ನಾಟಕ ಕವಿಚರಿತೆಯ ಮೊದಲನೆಯ ಸಂಪುಟವು 1907ರಲ್ಲಿ ಹೊರಬಂದಿತು. ಅದರಲ್ಲಿ ಸಹಭಾಗಿಗಳಾಗಿದ್ದ ಎಸ್. ಜಿ. ನರಸಿಂಹಾಚಾರ್ಯರು ಅದೇ ವರ್ಷ ತೀರಿಕೊಂಡರು. ಎರಡನೆಯದು 1919ರಲ್ಲಿ. ಮೈಸೂರಿನ ಪ್ರಾಚ್ಯವಸ್ತು ಇಲಾಖೆಯಿಂದ 1922ರಲ್ಲಿ ನಿವೃತ್ತರಾದಾಗ ಅವರಿಗೆ ಅರವತ್ತೆರಡು ವರ್ಷ, ಮೂರನೆಯ ಸಂಪುಟವು ಇನ್ನೂ ಆಗಬೇಕಾಗಿದ್ದಿತು. ಉಳಿದ ಆಯುಷ್ಯವು ಎಷ್ಟೆಂದು ತಿಳಿಯದ ಮನುಷ್ಯನು ಮೊದಲು ಮುಂದಿನದನ್ನು ಮುಗಿಸುವನೆಂದು ನಾವು ಊಹಿಸುವೆವು. ಅವರು ಹಿಂದಕ್ಕೆ ಹೋದರು. ನಡುವೆ ದೊರೆತ ಶಾಸನಗಳೂ ಓಲೆಗಳೂ ಮೊದಲ ಸಂಪುಟದ ಎಷ್ಟೋ ನಿರ್ಣಯಗಳನ್ನು ಹಳತಾಗಿಸಿದ್ದುವು. ಪರಿಷ್ಕೃತವಾದ ಮೊದಲ ಸಂಪುಟವು 1924ರಲ್ಲಿ ಬಂದಿತು. ಮೂರನೆಯದು ಬಂದದ್ದು 1929ರಲ್ಲಿ, ಅವರ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ. ಸಾವಿರಕ್ಕೂ ಮಿಕ್ಕಿದ ಕವಿಗಳ ಆ ಪಟ್ಟಿಯಲ್ಲಿ ಕಾವ್ಯವಿಮರ್ಶೆ ಕಡಿಮೆ, ಕವಿಗಳ ತಾರತಮ್ಯವನ್ನು ಅಳೆಯುವ ಪ್ರಯತ್ನವೂ ಕಡಿಮೆ ಎಂಬ ಆಕ್ಷೇಪಣೆ ಹಿಂದಿನಿಂದಲೂ ಇದೆ, ಅದು ಸರಿಯೂ ಹೌದು. ಆದರೆ ತಮ್ಮ ಅಚ್ಚಾದ ಮಾತಿಗೆ ತಾವೇ ಮೊದಲ ಪ್ರತಿವಾದಿಯಾಗಿ ನಿಂತು, ಆ ಬಳಿಕ ಮುಂದಿನ ಶತಮಾನಗಳಿಗೆ ಇಳಿದ ಈ ಕ್ರಮದಲ್ಲಿ ಒಂದು ವಿವೇಕವಿದೆ. 1936ರಲ್ಲಿ ಅವರು ತೀರಿಕೊಂಡಾಗ ಮೂರು ಸಂಪುಟಗಳೂ ಮುಂದಿನವರ ಮೇಜಿನ ಮೇಲಿದ್ದುವು. ಕಿಟ್ಟೆಲರದ್ದೂ ಇದೇ ಜಾತಿಯ ಕಾರ್ಯ. 1832ರಲ್ಲಿ ಹುಟ್ಟಿದ ಅವರು ಜರ್ಮನಿಗೆ ಹಿಂದಿರುಗಿದ ಮೇಲೂ ಕೋಶದ ಶೇಷಕಾರ್ಯಕ್ಕಾಗಿ ಮತ್ತೆ ಭಾರತಕ್ಕೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಕೋಶವು ಅಚ್ಚಾಯಿತು. ಅಷ್ಟಕ್ಕೆ ನಿಲ್ಲದೆ ವ್ಯಾಕರಣವನ್ನೂ ಬರೆದು, ಅದು ಪ್ರಕಟವಾದ 1903ರಲ್ಲಿಯೇ ತೀರಿಕೊಂಡರು.

ಇವು ವಿದ್ವತ್ಕಾರ್ಯಗಳು, ಮುಗಿಯದ ಪುಸ್ತಕವೇ ಇಲ್ಲಿ ಶೇಷ. ಇನ್ನೊಂದು ವಿಧವಾದ ಶೇಷವಿರುವುದು ಎ. ಎನ್. ಮೂರ್ತಿರಾಯರ ‘ದೇವರು’ ಎಂಬ ಗ್ರಂಥದಲ್ಲಿ. 1900ರಲ್ಲಿ ಹುಟ್ಟಿದ ಲೇಖಕರು ಇದನ್ನು ಪ್ರಕಟಿಸಿದ್ದು 1991ರಲ್ಲಿ. ಇಂಗ್ಲಿಷ್ ಅಧ್ಯಾಪಕರಾಗಿ, ಲಲಿತಪ್ರಬಂಧಕಾರರಾಗಿ, ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯೆಂಬ ಹೆಸರಿನಲ್ಲಿಯೇ ವಯಸ್ಸನ್ನು ನಗುತ್ತ ಒಪ್ಪಿಕೊಂಡವರಾಗಿ ಅವರು ಹೆಸರಾಗಿದ್ದರು. ಲೋಕರೂಢಿಯು ತೊಂಬತ್ತರ ವೃದ್ಧನಿಗೆ ಗುರಿಯೆಂದು ಗೊತ್ತುಮಾಡಿರುವುದು ದೇವರನ್ನೇ. ಮೂರ್ತಿರಾಯರು ಆ ಗುರಿಯನ್ನೇ ಪ್ರಶ್ನೆಯನ್ನಾಗಿ ಮಾಡಿಕೊಂಡರು. ಲೋಕದಲ್ಲಿ ಇಷ್ಟು ದುಃಖವಿರುವಾಗ ಸರ್ವಶಕ್ತನೂ ದಯಾಮಯನೂ ಆದ ದೇವರಿದ್ದಾನೆಂದು ಹೇಗೆ ನಂಬುವುದು ಎಂಬುದನ್ನು ಅವರು ನಂಬುವವರ ಮನಸ್ಸನ್ನು ನೋಯಿಸದ ಸೌಜನ್ಯದಿಂದ, ತಮ್ಮ ಅಪನಂಬಿಕೆಯನ್ನು ಮಾತ್ರ ಮರೆಮಾಡದೆ ವಿಚಾರಿಸಿದ್ದಾರೆ. ದರ್ಶನಶಾಸ್ತ್ರವನ್ನು ಕ್ರಮವಾಗಿ ಓದಿದವರಿಗೆ ಇದರಲ್ಲಿ ಹೊಸ ಯುಕ್ತಿಗಳು ಹೆಚ್ಚಾಗಿ ದೊರೆಯಲಾರವು. ನ್ಯಾಯವೇದಾಂತಗಳ ಸೂಕ್ಷ್ಮವಾದ ಪೂರ್ವಪಕ್ಷಗಳೊಡನೆ ಇನ್ನಷ್ಟು ಸೆಣಸಬೇಕಾಗಿತ್ತೆಂದು ನನಗೂ ಅನಿಸಿದೆ. ಆದರೆ ಇದು ದರ್ಶನಗ್ರಂಥವಲ್ಲ. ಬಾಳೆಲ್ಲ ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟು ಬಂದ ಪ್ರಶ್ನೆಯೊಂದನ್ನು ಬಿಡುವು ದೊರೆತಾಗ ಹೊರಗೆ ತೆಗೆದು, ಅದಕ್ಕೆ ಕೊಡಬೇಕಾದ ಉತ್ತರವನ್ನು ಕೊಟ್ಟುಬಿಟ್ಟ ಮನುಷ್ಯನ ಮಾತು. ಹೆದರಿ ಮೆತ್ತಗಾಗುವ ವಯಸ್ಸಿನಲ್ಲಿ ದನಿ ಮೆತ್ತಗಾಗದೆ, ಹಟದಿಂದ ಗಟ್ಟಿಯೂ ಆಗದೆ, ಪ್ರಬಂಧಗಳಲ್ಲಿದ್ದ ಆ ಹಳೆಯ ಸಮಾಧಾನದ ದನಿಯೇ ಇಲ್ಲಿಯೂ ಕೇಳಿಸುವುದು. ಈ ದನಿಯೇ ಪುಸ್ತಕದ ಪ್ರಮಾಣ. ನಲವತ್ತರ ಲೇಖಕನು ಇದೇ ಯುಕ್ತಿಗಳನ್ನು ಬರೆದಿದ್ದರೆ ಅದು ವಾದವಾಗುತ್ತಿತ್ತು. ಗೆಲ್ಲಬೇಕೆಂಬ ಆತುರವು ಎಲ್ಲಿಯಾದರೂ ಇಣಿಕುತ್ತಿತ್ತು. ಇಲ್ಲಿ ಎದುರಾಳಿಯನ್ನು ಗೆಲ್ಲುವ ಆಸೆಯೇ ಕಾಣದು. ಅದಾದ ಮೇಲೆ ಮೂರ್ತಿರಾಯರು ಹನ್ನೆರಡು ವರ್ಷ ಬದುಕಿದ್ದರು. 2003ರಲ್ಲಿ, ನೂರಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು.